ಬೈಕು ನಿಂತ ಮನೆ

ದೆಲ್ಸಿ ಚಾಕುವಿನ ತುದಿಯಿಂದ ಕ್ಲಚ್ ಕವರಿಗೆ ಅಂಟಿದ್ದ ಹಳೇ ಗ್ಯಾಸ್ಕೆಟ್ ಕೆರೆಯುತ್ತಿದ್ದಳು. ಬೈಕು ಹಿತ್ತಿಲ ಸಿಮೆಂಟಿನ ಮೇಲೆ ಎಡಮಗ್ಗುಲಾಗಿ ಮಲಗಿತ್ತು. ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಎಮಿರೊ ಮೂಗಿಗೆ ಹತ್ತಿ ತುರುಕಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದ. ಹೆಂಗಸರು ಜಪಮಾಲೆ ಎಣಿಸುತ್ತ, ನಡುನಡುವೆ ತೆಂಗಿನಹಾಲಿನ ಅನ್ನಕ್ಕೆ ಉಪ್ಪು ಸಾಕೇ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

"ಇನ್ನೂ ಎಷ್ಟೊತ್ತೇ?" ಚಿಕ್ಕಪ್ಪ ಉಬಾಲ್ಡೊ ಬಾಗಿಲಲ್ಲಿ ನಿಂತು ಕೇಳಿದ.

"ಕ್ಲಚ್ ಪ್ಲೇಟು ಎಣ್ಣೇಲಿ ನೆನೀಬೇಕು ಚಿಕ್ಕಪ್ಪ, ಇಲ್ಲಾಂದ್ರೆ ಸುಟ್ಟುಹೋಗುತ್ತೆ. ಅಪ್ಪ ರಾತ್ರಿಯೆಲ್ಲಾ ನೆನೆಹಾಕ್ತಿದ್ದ."

"ಸ್ಮಶಾನದ ತನಕ ಓಡಿದ್ರೆ ಸಾಕು, ಒಣಗಿದ್ದನ್ನೇ ಹಾಕು. ಈ ಬಿಸಿಲಲ್ಲಿ ಹೆಣ ನಿನ್ನ ಪ್ಲೇಟಿಗೋಸ್ಕರ ಕಾಯುತ್ತಾ?"

ಹೆಣದ ಮಾತು ನಿಜವೇ ಆಗಿತ್ತು. ಎಮಿರೊ ತಾನೇ ಬೋಗುಣಿಯಲ್ಲಿ ನೆನೆಹಾಕಿದ್ದ ಪ್ಲೇಟುಗಳ ಮೇಲೆ ಅವನದೇ ರಕ್ತ ಸುರಿದಿತ್ತು. ಪೊಲೀಸರು ಹೋದಮೇಲೆ ದೆಲ್ಸಿ ಎಣ್ಣೆ, ರಕ್ತ, ಪ್ಲೇಟು ಎಲ್ಲವನ್ನೂ ಬೇಲಿಯಾಚೆ ಎಸೆದಿದ್ದಳು. ಈಗ ಅವಳ ಕೈಲಿದ್ದದ್ದು ಬೆಳಿಗ್ಗೆ ಉಬಾಲ್ಡೊ ತಂದ ಹೊಸ ಪೊಟ್ಟಣ.

ನಮ್ಮ ಲಾ ಎಸ್ಪಿನಾ ಕೇರಿಯಲ್ಲಿ ಬಾಡಿಗೆ ಬೈಕಿನವನು ಸತ್ತರೆ ಅವನ ಬೈಕೇ ಪೆಟ್ಟಿಗೆಯ ಮುಂದೆ ಹೋಗಬೇಕು, ಅವನ ಮನೆಯವರೇ ಅದನ್ನು ಓಡಿಸಬೇಕು. ತಳ್ಳಿಕೊಂಡು ಹೋದರೆ ಸತ್ತವನಿಗೆ ಅವಮಾನ. ಅದಕ್ಕೇ ಹೊರಗೆ ಬೀದಿ ತುಂಬಾ ಬೈಕಿನವರು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ಅವರಲ್ಲೊಬ್ಬ ಚೆಯೊ, ಎಮಿರೊನ ಹಳೇ ಗೆಳೆಯ, ರಮ್ಮಿನ ಬಾಟಲಿ ಹಿಡಿದು ಹಿತ್ತಿಲಿಗೇ ಬಂದ. "ಬೇಗ ಮಾಡಮ್ಮ. ನಿಮ್ಮಪ್ಪ ಜೀವಮಾನದಲ್ಲಿ ಒಂದಿನಾನೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಇವತ್ತಾದ್ರೂ ಬರಲಿ."

"ನನ್ನ ಮದುವೆಗೆ ಮದುಮಗಳನ್ನ ಕೂರಿಸ್ಕೊಂಡು ಮಧ್ಯಾಹ್ನ ಬಂದ," ಎಂದ ಉಬಾಲ್ಡೊ. "ಪಾದ್ರಿ ಊಟಕ್ಕೆ ಹೋಗ್ಬಿಟ್ಟಿದ್ದ. ಕೇಳಿದ್ರೆ, ದಾರೀಲಿ ಮೀನು ಇಳಿಸ್ಬೇಕಿತ್ತು ಅಂದ! ನೊಯೆಮಿ ಮುಸುಕು ಪೂರ್ತಿ ಮೀನಿನ ವಾಸನೆ."

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಉಬಾಲ್ಡೊ ಅತ್ತ. ಎಮಿರೊ ಅಂಥವನೇ. ಮೀನು, ಹಂದಿಮರಿ, ಬಸುರಿಯರು, ಶಾಲೆಮಕ್ಕಳು, ಎಲ್ಲರನ್ನೂ ಅದೇ ಸೀಟಿನ ಮೇಲೆ ಹೊತ್ತವನು. ಯಾರ ಜೊತೆಗಾದರೂ ಜಗಳ ಕಾಯದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಕ್ಲಚ್ ಕೇಬಲ್ ಬಿಗಿಯಾಗಿ ಕಟ್ಟಿದಳೆಂದು ಒಮ್ಮೆ ದೆಲ್ಸಿಯ ಕೆನ್ನೆಗೆ ಬಾರಿಸಿ, ಆಮೇಲೆ ಐಸ್ ತಂದು ತಾನೇ ಒತ್ತಿ ಕೂತಿದ್ದ. ಹೊಡೆದ ಕೈಯೂ ಅದೇ, ಐಸ್ ಹಿಡಿದ ಕೈಯೂ ಅದೇ.

ಚೆಯೊ ಹೊರಗೆ ಹೋದಮೇಲೆ ಉಬಾಲ್ಡೊ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಪ್ಪನ್ನ ಕೊಂದೋನ ಮುಖ ನೋಡಿದ್ದೀಯ ನೀನು."

"ಹೆಲ್ಮೆಟ್ ಹಾಕಿದ್ದ ಅಂತ ಪೊಲೀಸರಿಗೆ ಹೇಳಿದ್ದೀನಲ್ಲ."

"ಅದು ಪೊಲೀಸರಿಗೆ. ನಾನು ನಿನ್ನನ್ನ ಎತ್ತಿ ಆಡಿಸಿದೋನು ಕಣೇ. ನೀನು ಹೆಸರೇ ಹೇಳ್ಬೇಡ. ಮುಂದೆ ಹೋಗ್ತಿರು. ಆ ನಾಯಿಮಗನ ಮನೆ ಬಂದಾಗ ಬೈಕ್ ನಿಲ್ಲಿಸಿ ಕಾಲು ಕೆಳಗಿಡು, ಅಷ್ಟೇ. ಮಿಕ್ಕಿದ್ದು ನಾವು ನೋಡ್ಕೋತೀವಿ. ಹುಡುಗರಿಗೆಲ್ಲ ಹೇಳಿಟ್ಟಿದ್ದೀನಿ."

ದೆಲ್ಸಿ ತಲೆ ಎತ್ತಲಿಲ್ಲ. "ಲೈನೆರ್ ಎಲ್ಲಿ?"

"ಮನೇಲಿ ಮಲಗಿದ್ದಾನೆ. ದೊಡ್ಡಪ್ಪ ಹೋದ ಅಂತ ಕೇಳಿದಾಗಿಂದ ನನ್ನ ಮಗನಿಗೆ ಮೈ ಕೆಂಡ. ಒಂದು ತುತ್ತು ತಿಂದಿಲ್ಲ."

ದೆಲ್ಸಿ ಒಣ ಪ್ಲೇಟುಗಳನ್ನು ಒಂದೊಂದಾಗಿ ಜೋಡಿಸಿ ಬೋಲ್ಟು ಬಿಗಿದಳು. ಸ್ಪ್ಯಾನರು ಎರಡು ಸಲ ಜಾರಿತು.

*

ಹಿಂದಿನ ಸಂಜೆ ಎಮಿರೊ ಇದೇ ಜಾಗದಲ್ಲಿ ಕೂತು, ಸವೆದ ಪ್ಲೇಟುಗಳನ್ನು ಹೊರಗೆ ತೆಗೆದು ಬೈಯುತ್ತಿದ್ದ. ಲಾಟರಿ ಅಂಗಡಿಯ ಕಡೆಯಿಂದ ಕಳ್ಳ, ಕಳ್ಳ ಎಂಬ ಕೂಗಾಟ ಕೇಳಿಸಿತು. ಸ್ವಲ್ಪ ಹೊತ್ತಿಗೆ ಲೈನೆರ್ ಬೇಲಿ ಹಾರಿ ಬಂದು ಹೆಲ್ಮೆಟ್ ತೆಗೆದ.

"ದೊಡ್ಡಪ್ಪ, ಬೈಕ್ ಕೊಡು. ಬೇಗ."

"ಕಣ್ಣು ಕಾಣಲ್ವೇನೋ? ಹೊಟ್ಟೆ ಬಗೆದು ಮಲಗಿಸಿದ್ದೀನಿ. ಬೇಕಾದ್ರೆ ತಲೆ ಮೇಲೆ ಹೊತ್ಕೊಂಡು ಹೋಗು." ಎಮಿರೊ ತನ್ನ ಮಾತಿಗೆ ತಾನೇ ಗಹಗಹಿಸಿದ.

ಲೈನೆರ್ ಸೊಂಟದಿಂದ ಪಿಸ್ತೂಲು ತೆಗೆದ. ಅಡುಗೆಮನೆಯಿಂದ ಕಾಫಿ ತರುತ್ತಿದ್ದ ದೆಲ್ಸಿ ಹೊಸ್ತಿಲಲ್ಲೇ ನಿಂತಳು. ಇದೇ ಹುಡುಗನಿಗೆ ಎಮಿರೊ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬೈಕು ಕಲಿಸಿದ್ದ. ಎಮಿರೊ ನಗು ನಿಲ್ಲಿಸಿ ಮೇಲೆದ್ದ.

"ನನ್ನ ಮನೇಲಿ ನನಗೇ ತೋರಿಸ್ತೀಯಾ ಅದನ್ನ?" ಎಂದು ಎಣ್ಣೆಗೈಯಲ್ಲೇ ಅವನ ಕೆನ್ನೆಗೆ ಒಂದು ಬಿಟ್ಟ. ಎರಡನೆಯ ಏಟಿಗೆ ಕೈ ಎತ್ತಿದ. ಲೈನೆರ್ ಗುಂಡು ಹಾರಿಸಿದ. ಬಿದ್ದವನಿಗೆ ಮತ್ತೊಮ್ಮೆ ಹೊಡೆದ.

ಕುತ್ತಿಗೆಯಿಂದ ರಕ್ತ ಚಿಮ್ಮಿ ಬೋಗುಣಿ ತುಂಬಿತು. ದೆಲ್ಸಿ ಲಂಗ ಮುದ್ದೆ ಮಾಡಿ ಒತ್ತಿದಳು, ಬಟ್ಟೆ ನೆನೆದು ಬೆರಳಿನ ಸಂದಿಯಿಂದ ರಕ್ತ ಬರುತ್ತಲೇ ಇತ್ತು.

"ಉಬಾಲ್ಡೊಗೆ ಹೇಳ್ಬೇಡ," ಎಂದ ಎಮಿರೊ. "ಮಗನ್ನ ಅವನೇ ಕೊಂದ್ಬಿಡ್ತಾನೆ."

ಆ ರಾತ್ರಿಯೆಲ್ಲ ದೆಲ್ಸಿ ಸ್ಪ್ಯಾನರು ಹಿಡಿದು ಕೂತಿದ್ದಳು. ಲೈನೆರ್‌ನ ಬುರುಡೆ ಒಡೆಯಬೇಕೆಂದು ಅವಳ ಜೀವ ಕುದಿಯಿತು. ಅಪ್ಪನ ಮಾತನ್ನೂ ಅವಳು ಶಪಿಸಿದಳು.

*

ಬೈಕು ಮೂರನೆಯ ಒದೆತಕ್ಕೆ ಎದ್ದಿತು. ಹಿಂದೆ ಪೆಟ್ಟಿಗೆ ಹೊತ್ತ ವ್ಯಾನು, ಅದರ ಹಿಂದೆ ಕೇರಿಯ ಬೈಕುಗಳೆಲ್ಲ ಹಾರನ್ ಒತ್ತುತ್ತ ಹೊರಟವು. ಯಾರೋ ಆಕಾಶಕ್ಕೆ ಗುಂಡು ಹಾರಿಸಿದರು. ಕೆಲವರ ಚೀಲದಲ್ಲಿ ಪೆಟ್ರೋಲಿನ ಬಾಟಲಿಗಳಿದ್ದವು.

ಮೆರವಣಿಗೆಯ ನಡಿಗೆ ಆಮೆಯದು. ದೆಲ್ಸಿ ಕ್ಲಚ್ಚನ್ನು ಪೂರ್ತಿ ಬಿಡುವಂತಿಲ್ಲ, ಪೂರ್ತಿ ಹಿಡಿಯುವಂತಿಲ್ಲ. ಅವಳು ದಾಟಿದ ಮನೆಗಳವರು ಉಸಿರು ಬಿಡುತ್ತಿದ್ದರು, ಮುಂದಿನ ಮನೆಗಳವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಲ್ಲೂ ನಿಲ್ಲಬಾರದು, ಸ್ಮಶಾನದ ಗೇಟಿನವರೆಗೆ ಎಲ್ಲೂ ನಿಲ್ಲಬಾರದು ಎಂದುಕೊಂಡು ಹೋಗುತ್ತಿದ್ದಳು.

ಉಬಾಲ್ಡೊನ ಮನೆ ಬಂತು. ಹಸಿರು ಬಾಗಿಲು. ಕಿಟಕಿಯಲ್ಲಿ ಚಿಕ್ಕಮ್ಮ ನೊಯೆಮಿ ಕರವಸ್ತ್ರ ಬಾಯಿಗೊತ್ತಿ ನಿಂತಿದ್ದಳು. ಅವಳ ಹಿಂದೆ ಕತ್ತಲಲ್ಲಿ ಯಾರೋ ಪಕ್ಕಕ್ಕೆ ಸರಿದರು. ಇಲ್ಲೇ ಕಾಲಿಟ್ಟರೆ ಮುಗಿಯಿತು ಎಂದು ದೆಲ್ಸಿಗೆ ಆಸೆ ಹುಟ್ಟಿತು. ಹಲ್ಲು ಕಚ್ಚಿ ಆಕ್ಸಿಲರೇಟರ್ ತಿರುವಿದಳು. ಹಸಿರು ಬಾಗಿಲು ಹಿಂದಾಯಿತು.

ಹತ್ತು ಮನೆ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಒಣಗಿದ್ದ ಪ್ಲೇಟುಗಳು ಸೀದಿದ್ದವು. ಎಂಜಿನ್ ಅರಚಿಕೊಂಡಿತು, ಬೈಕು ಮುಂದೆ ಹೋಗಲಿಲ್ಲ. ಇನ್ನಷ್ಟು ತಿರುವಿದಳು, ಇನ್ನಷ್ಟು ಅರಚಿತು. ಬೀಳುವಂತಾದಾಗ ದೆಲ್ಸಿ ಕಾಲು ಕೆಳಗಿಟ್ಟಳು.

ಅದು ಐಸ್ ಮಾರುವ ಅಬಾದ್‌ನ ಮನೆ. ಬಾಗಿಲು ಹಾಕಿಕೊಳ್ಳದೆ ಇದ್ದವನು ಅವನೊಬ್ಬನೇ. ಟೋಪಿ ತೆಗೆದು ಎದೆಗೆ ಹಿಡಿದು, ಪೆಟ್ಟಿಗೆ ದಾಟಲೆಂದು ನಿಂತಿದ್ದ.

"ಕ್ಲಚ್ ಸುಟ್ಟಿದೆ!" ದೆಲ್ಸಿ ಕಿರುಚಿದಳು. "ಗಾಡಿ ಕೆಟ್ಟು ನಿಂತಿದೆ ಅಷ್ಟೇ!"

ಹಾರನ್ನುಗಳ ನಡುವೆ ಯಾರು ಕೇಳಬೇಕು? ಉಬಾಲ್ಡೊ ಬೈಕನ್ನು ಹಾಗೇ ಬಿಸಾಕಿ ಎಲ್ಲರಿಗಿಂತ ಮೊದಲು ಓಡಿದ. ಹೆಲ್ಮೆಟ್ಟಿನಿಂದ ಅಬಾದ್‌ನ ಬಾಯಿಗೆ ಬೀಸಿದ. ಹಲ್ಲು ಮುರಿದ ಸದ್ದು ದೆಲ್ಸಿಗೆ ಕೇಳಿಸಿತು.

"ಎಮಿರೊನ್ನ ನೋಡೋಕೆ ನಿಂತಿದ್ದೆ... ಅಣ್ಣಾ, ನೋಡೋಕೆ..." ಎನ್ನುತ್ತಲೇ ಅಬಾದ್ ಕುಸಿದ. ಯಾರೋ ಬೀಸಿದ ಸರಪಳಿಯೇಟಿಗೆ ಅವನ ಕಿವಿ ಹರಿದು ನೇತಾಡಿತು.

"ಇವನೇ! ಡಾಮಿನೋ ಆಟದಲ್ಲಿ ಎಮಿರೊ ಜೊತೆ ಕಿತ್ತಾಡಿದ್ದ!" ಎಂದು ಒಬ್ಬ ಕೂಗಿದ. ಎಮಿರೊ ಜೊತೆ ಕಿತ್ತಾಡದವರು ಆ ಗುಂಪಿನಲ್ಲಿ ಒಬ್ಬರಾದರೂ ಇದ್ದರೇ! ಆದರೂ ಎಲ್ಲರಿಗೂ ಆ ಮಾತು ಸಾಕಾಯಿತು.

ದೆಲ್ಸಿ ನುಗ್ಗಿ ಅಬಾದ್‌ನ ಮೇಲೆ ಬಿದ್ದಳು. ಯಾರದೋ ಬೂಟು ಅವಳ ಪಕ್ಕೆಗೆ ಬಡಿಯಿತು.

"ಇವನಲ್ಲ!"

"ಹೆದರ್ಬೇಡ ಮಗಳೇ, ತೋರ್ಸಾಯ್ತಲ್ಲ. ಎದ್ದೇಳು." ಉಬಾಲ್ಡೊ ಅವಳ ತೋಳು ಹಿಡಿದೆಳೆದ.

"ಇವನಲ್ಲ ಚಿಕ್ಕಪ್ಪ! ಅಪ್ಪನಾಣೆ ಇವನಲ್ಲ!"

ಚೆಯೊ ಎರಡು ಕೈಯಲ್ಲಿ ಸಿಮೆಂಟು ಇಟ್ಟಿಗೆ ಎತ್ತಿ ಹಿಡಿದು ಅಬಾದ್‌ನ ತಲೆಯ ಬಳಿ ನಿಂತಿದ್ದ. "ಹಂಗಾದ್ರೆ ಯಾರು? ಈಗ್ಲೇ ಹೇಳು. ಇಲ್ಲಾಂದ್ರೆ ಇವನೇ."

ದೆಲ್ಸಿ ಚಿಕ್ಕಪ್ಪನ ಮುಖ ನೋಡಿದಳು. ಅಬಾದ್ ಅವಳ ಕೆಳಗೆ ರಕ್ತ ಉಗುಳುತ್ತ ಏದುಸಿರು ಬಿಡುತ್ತಿದ್ದ. ಚೆಯೊನ ತೋಳು ಇನ್ನಷ್ಟು ಮೇಲೆ ಹೋಯಿತು.

"ಲೈನೆರ್," ಎಂದಳು.

"ಯಾವ ಲೈನೆರ್?" ಎಂದು ಹಿಂದೆ ಯಾರೋ ಕೇಳಿದರು. ಕೇರಿಯಲ್ಲಿ ಇದ್ದದ್ದು ಒಬ್ಬನೇ ಲೈನೆರ್, ಕೇಳಿದವನಿಗೂ ಅದು ಗೊತ್ತಿತ್ತು.

ಚೆಯೊ ಇಟ್ಟಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ. ಉಬಾಲ್ಡೊನ ಮುಖ ನೋಡದೆ ಹೋಗಿ ತನ್ನ ಬೈಕು ಹತ್ತಿದ. ಸಾಲಿನ ಕೊನೆಯಲ್ಲಿದ್ದ ಬೈಕೊಂದು ತಿರುಗಿತು. ಅದರ ಪಕ್ಕದ್ದು ತಿರುಗಿತು. ಪೆಟ್ಟಿಗೆಯ ವ್ಯಾನನ್ನು ನಡುಬೀದಿಯಲ್ಲೇ ಬಿಟ್ಟು ಒಂದೊಂದಾಗಿ ಎಲ್ಲವೂ ಹಸಿರು ಬಾಗಿಲಿನ ಕಡೆ ಹೊರಟವು.

ಉಬಾಲ್ಡೊ ಅಬಾದ್‌ನ ಪಕ್ಕ ಮಂಡಿಯೂರಿದ. ತಾನೇ ಹರಿದಿದ್ದ ಅವನ ಅಂಗಿಯನ್ನು ಎಳೆದು ಸರಿಮಾಡಿ ಕೆಳಗಿನಿಂದ ಗುಂಡಿ ಹಾಕತೊಡಗಿದ. ಬೆರಳು ಜಾರಿದಾಗಲೆಲ್ಲ ರಕ್ತವನ್ನು ತನ್ನ ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಾಕುತ್ತಿದ್ದ. ಮೇಲಿನ ಗುಂಡಿ ಕಿತ್ತುಹೋಗಿತ್ತು. ಬೀದಿಯ ಆ ತುದಿಯಲ್ಲಿ ನೊಯೆಮಿ ಕಿರುಚಿದಳು. ಉಬಾಲ್ಡೊ ಅತ್ತ ತಿರುಗದೆ, ಅಂಗಿಯ ಎರಡು ಅಂಚುಗಳನ್ನೂ ಅಬಾದ್‌ನ ಕುತ್ತಿಗೆಯ ಹತ್ತಿರ ಕೂಡಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡು ಕೂತ.