ನೂರು ಗ್ರಾಮಿನ ಮೇಲಿನ ಹೆಬ್ಬೆಟ್ಟು

2016ರ ಜೂನ್ 3, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ, ಅಂಗಡಿಗಳ ತಕ್ಕಡಿ ಮತ್ತು ತೂಕದ ಬಟ್ಟುಗಳನ್ನು ಪರೀಕ್ಷಿಸುವ ಆ ಸಣ್ಣ ಕಚೇರಿಯಲ್ಲಿ ಟೈಪಿಸ್ಟಮ್ಮ ಪೊರಕೆಯನ್ನು ನೆಲಕ್ಕೆ ಬಿಸಾಡಿದರು.

“ಇನ್ನು ನನ್ನ ಕೈಲಾಗಲ್ಲ. ಬಗ್ಗಿದ್ರೆ ಒಂದು ಮಂಡಿ ಕಟ್ ಅನ್ನತ್ತೆ, ಎದ್ರೆ ಇನ್ನೊಂದು ಕುಟ್ ಅನ್ನತ್ತೆ. ದುಡ್ಡು ಹೋದ್ರೆ ಹೋಗ್ಲಿ, ಗುಡಿಸೋಕೆ ಹೊರಗಿನವರನ್ನ ಕರೆಸಿ ಸಾರ್.”

ಶುಕ್ರವಾರ ಎಲ್ಲರೂ ಸೇರಿ ಕಚೇರಿ ಶುಚಿ ಮಾಡುವುದು ಅಲ್ಲಿನ ಹಳೆಯ ಪದ್ಧತಿ. ಮುಖ್ಯಸ್ಥರಿಗೆ ಕಿಟಕಿಗಳು, ಟೈಪಿಸ್ಟಮ್ಮನಿಗೆ ನೆಲ. ಒಳಗಿನ ತೂಕದ ಕೋಣೆ ಮಾತ್ರ ಮಿಲಿಗ್ರಾಮಮ್ಮನದು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ತಲೆ ಸವರಿ ಹಾಕುವ ಅವಳಿಗೆ ಆ ಹೆಸರು ಬಿದ್ದು ಹತ್ತು ವರ್ಷವಾಗಿತ್ತು.

“ಹೊರಗಿನವರು ಬೇಡ,” ಎಂದಳು ಅವಳು. “ಧೂಳೆಬ್ಬಿಸ್ತಾರೆ, ತಕ್ಕಡಿ ಅಲುಗಾಡಿಸ್ತಾರೆ. ನಮ್ಮ ಕೆಲಸ ನಾವೇ ಮಾಡ್ಕೊಂಡ್ರೆ ಏನು ಕಿರೀಟ ಬಿದ್ದುಹೋಗತ್ತಾ?”

“ಕಿರೀಟ ಅಲ್ಲಮ್ಮಾ, ನಾನೇ ಬಿದ್ದುಹೋಗ್ತೀನಿ,” ಎಂದರು ಟೈಪಿಸ್ಟಮ್ಮ.

ಮಿಲಿಗ್ರಾಮಮ್ಮ ಹೇಳಿದ ಕಾರಣ ಸುಳ್ಳಲ್ಲ. ಆದರೆ ನಿಜವಾದ ಕಾರಣ ತೂಕದ ಕೋಣೆಯ ಮೇಲಿನ ಹಲಗೆಯ ಮೇಲೆ, ಗಾಜಿನ ಮುಚ್ಚಳದೊಳಗೆ ಕೂತಿತ್ತು.

ಅಪ್ಪ ಹೋದ ಮೇಲೆ ಅವಳನ್ನು ಸಾಕಿದವರು ಚಿಕ್ಕಪ್ಪ. ಇದೇ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ತೂಕ ನೋಡಿದವರು, ಅವಳಿಗೆ ಚಿಮುಟ ಹಿಡಿಯುವುದನ್ನು ಕಲಿಸಿದವರು. ಬಟ್ಟನ್ನು ಬರಿಗೈಯಲ್ಲಿ ಮುಟ್ಟುವುದು ಅಲ್ಲಿ ಮಹಾಪರಾಧ. ಬೆವರು ಅಂಟಿದರೆ ತೂಕ ಕೆಡುತ್ತದೆ. ಅಂಥ ಚಿಕ್ಕಪ್ಪ ನಿವೃತ್ತಿಯ ದಿನ ಕೈಗವಸು ಬಿಚ್ಚಿಟ್ಟು, ಬಳಕೆ ತಪ್ಪಿದ ಹಳೆಯ ಹಿತ್ತಾಳೆಯ ನೂರು ಗ್ರಾಮಿನ ಬಟ್ಟನ್ನು ಬರಿಗೈಯಲ್ಲಿ ಎತ್ತಿಕೊಂಡಿದ್ದರು.

“ಚಿಕ್ಕಪ್ಪಾ! ಏನ್ ಮಾಡ್ತಿದೀರಾ?”

“ಮೂವತ್ನಾಲ್ಕು ವರ್ಷ ಊರಿಗೆಲ್ಲ ಇದರ ತೂಕ ಹೇಳ್ಕೊಂಡು ಬಂದೆ ಕಣೇ. ಎಷ್ಟು ಭಾರ ಇದೆ ಅಂತ ನನ್ನ ಕೈಗೇ ಗೊತ್ತಿರಲಿಲ್ಲ.” ಎರಡು ಸಲ ಮೇಲೆ ಕೆಳಗೆ ಆಡಿಸಿ, “ಪರವಾಗಿಲ್ಲ, ಗಟ್ಟಿ ಆಸಾಮಿ,” ಎಂದು ನಕ್ಕು ಇಟ್ಟರು.

ಏಳು ತಿಂಗಳ ಮೇಲೆ ತೀರಿಕೊಂಡರು. ಅವರ ಕನ್ನಡಕವನ್ನು ಚಿಕ್ಕಮ್ಮ ಎತ್ತಿಟ್ಟುಕೊಂಡರು, ಕೈಗಡಿಯಾರ ಮಗನಿಗೆ ಹೋಯಿತು. ಅಣ್ಣನ ಮಗಳಿಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿ ಪಡೆಯಲು ಅವಳಿಗೂ ಬಾಯಿ ಬರಲಿಲ್ಲ. ಅವಳಿಗೆ ಉಳಿದದ್ದು ಆ ದಿನ ಬಟ್ಟಿನ ಮೇಲೆ ಬಿದ್ದ ಅವರ ಹೆಬ್ಬೆಟ್ಟಿನ ಗುರುತು. ಸುರುಳಿ ಸುರುಳಿ ಗೆರೆಗಳು, ನಡುವೆ ಅಡ್ಡಕ್ಕೆ, ಎಂದೋ ಚಾಕು ತಾಗಿದ ಗಾಯದ ಗೀಟು. ತಿಂಗಳಿಗೊಮ್ಮೆ ಚಿಮುಟದಲ್ಲಿ ಎತ್ತಿ ತೂಗುತ್ತಿದ್ದಳು. ಮೊದಲ ವಾರದಲ್ಲಿ ಬೆವರಿನ ನೀರಿನಂಶ ಆರಿ, ಆಮೇಲೆ ಅಂಕಿ ನಿಂತುಬಿಟ್ಟಿತ್ತು. ಆರು ವರ್ಷದಿಂದ ಅಲ್ಲೇ ಇತ್ತು. ಒಮ್ಮೊಮ್ಮೆ ತನ್ನ ಹೆಬ್ಬೆರಳನ್ನು ಅದರ ಹತ್ತಿರ, ತೀರಾ ಹತ್ತಿರ ಒಯ್ಯುತ್ತಿದ್ದಳು. ಮುಟ್ಟುತ್ತಿರಲಿಲ್ಲ.

“ಜಗಳ ಯಾಕೆ?” ಎಂದರು ಮುಖ್ಯಸ್ಥರು. “ತೂಗೋ ಕಚೇರಿ ಇದು, ತೂಗಿಯೇ ನೋಡೋಣ. ಎರಡು ವಾರ ನಾವು ಶುಚಿ ಮಾಡೋದು, ಎರಡು ವಾರ ಅವರು. ನಾಲ್ಕು ಮೂಲೆಗೆ ನಾಲ್ಕು ಗಾಜಿನ ತಟ್ಟೆ ಇಡಿ. ಯಾರ ಸರದಿಯಲ್ಲಿ ಕಡಿಮೆ ಧೂಳು ಕೂರತ್ತೋ ಅವರೇ ಗೆದ್ದ ಹಾಗೆ. ತೂಗೋರು ನಮ್ಮ ಮಿಲಿಗ್ರಾಮಮ್ಮ.”

“ಕಳ್ಳನ ಕೈಗೆ ಕೀಲಿಕೈ!” ಎಂದು ಗೊಣಗಿದರು ಟೈಪಿಸ್ಟಮ್ಮ.

ಮೊದಲೆರಡು ವಾರ ಕಳೆದು, ಹೊರಗಿನವರ ಕಡೆಯಿಂದ ಬಂದದ್ದು ನೀಲಿ ಕೋಟಿನ ಒಬ್ಬಳೇ ಹೆಂಗಸು. ಅವಳು ಗುಡಿಸುತ್ತಲೇ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ, ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದಳು. ಮೊದಲ ದಿನವೇ ಮಿಲಿಗ್ರಾಮಮ್ಮ ಅವಳಿಗೆ ಖಡಾಖಂಡಿತವಾಗಿ ಹೇಳಿದಳು: “ಬಟ್ಟುಗಳನ್ನ ಬರಿಗೈಲಿ ಮುಟ್ಟೋ ಹಾಗಿಲ್ಲ. ಒಂದು ಬೆರಳಿನ ಗುರುತು ಬಿದ್ರೂ ಇಲ್ಲಿ ದೊಡ್ಡ ಅಪರಾಧ.” ಗಾಜಿನ ಮುಚ್ಚಳದ ಸುದ್ದಿ ಎತ್ತಲಿಲ್ಲ. ಎತ್ತಿದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು. ಅದರ ಬದಲು ಆಕೆ ಒರೆಸುವಷ್ಟು ಹೊತ್ತೂ ತಾನು ಬಾಗಿಲಲ್ಲೇ ನಿಂತು ಕಾದಳು.

ಕೊನೆಯ ದಿನ ಮುಖ್ಯಸ್ಥರು ಮಿಲಿಗ್ರಾಮಮ್ಮನನ್ನು ಫೋನಿಗೆ ಕರೆದರು. ಹತ್ತು ನಿಮಿಷ. ಮರಳಿ ಬಂದಾಗ ನೀಲಿ ಕೋಟಿನವಳು ಮೆಲ್ಲಗೆ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು.

“ಅಕ್ಕಾ, ಹೆದರಬೇಡಿ. ನಾನು ಯಾರಿಗೂ ಹೇಳಲ್ಲ.”

“ಏನನ್ನ?”

“ಆ ಗಾಜಿನೊಳಗಿನದ್ದು. ಯಾರೋ ಬರಿಗೈಲಿ ಮುಟ್ಟಿಬಿಟ್ಟಿದಾರೆ. ಸಾಹೇಬರು ನೋಡಿದ್ರೆ ನಿಮ್ಮ ತಲೆ ಮೇಲೆ ಬರ್ತಿತ್ತು. ಕೈಗವಸು ಹಾಕ್ಕೊಂಡೇ ಸ್ಪಿರಿಟಲ್ಲಿ ಒರೆಸಿಟ್ಟಿದೀನಿ.”

ಮಿಲಿಗ್ರಾಮಮ್ಮನಿಗೆ ಕೂಗಬೇಕೆನ್ನಿಸಿತು, ಯಾರ ಮೇಲೆ ಕೂಗುವುದು? ಕಲಿಸಿದ ಪಾಠವನ್ನೇ ಒಪ್ಪಿಸಿದ್ದಳು ಆಕೆ.

“ಎಷ್ಟು ಸಲ ಒರೆಸಿದ್ರಿ?” ಎಂದು ಮಾತ್ರ ಕೇಳಿದಳು.

“ಮೂರು ಸಲ.”

ಹಲಗೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ತೂಗಲು ಕೂತಳು. ಕಚೇರಿಯವರ ಎರಡು ವಾರದಲ್ಲಿ ತಟ್ಟೆಗೆ ಸರಾಸರಿ 4.1 ಮಿಲಿಗ್ರಾಂ ಧೂಳು ಕೂತಿತ್ತು. ನೀಲಿ ಕೋಟಿನವಳ ಎರಡು ವಾರದಲ್ಲಿ 1.3. ಆ ಒಂದಕ್ಕೆ ಮೇಲೊಂದು ಗೀಟು ಎಳೆದು ಏಳು ಮಾಡಿದರೆ ಸಾಕು, ಆಕೆ ಮತ್ತೆ ಈ ಬಾಗಿಲು ದಾಟುವುದಿಲ್ಲ. ಪೆನ್ನಿನ ತುದಿ ಕಾಗದದ ಮೇಲೆ ನಿಂತಿತು. ಅದೇ ಕುರ್ಚಿಯಲ್ಲಿ ಕೂತು ಚಿಕ್ಕಪ್ಪ ಹೇಳುತ್ತಿದ್ದದ್ದು ನೆನಪಾಯಿತು: “ತಕ್ಕಡಿಗೆ ಬೇಕಾದವರು, ಬೇಡದವರು ಅಂತ ಇಲ್ಲ ಕಣೇ. ಆ ಭೇದ ಇರೋದು ನಮಗೆ.”

1.3 ಎಂದೇ ಬರೆದು ಸಹಿ ಹಾಕಿ ಕೊಟ್ಟಳು.

“ನಿನ್ನ ಹೊಟ್ಟೆ ತಣ್ಣಗಿರಲಿ!” ಎಂದರು ಟೈಪಿಸ್ಟಮ್ಮ. “ನನ್ನ ಎರಡು ಮಂಡಿಯೂ ನಿನ್ನನ್ನ ಹರಸ್ತಿವೆ, ಕೇಳಿಸ್ತಾ?”

ಆಮೇಲೆ ಮಿಲಿಗ್ರಾಮಮ್ಮ ತೂಕದ ಕೋಣೆಗೆ ಬಂದು ಗಾಜು ಎತ್ತಿ, ಬಟ್ಟನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಹೊಳಪಿನ ನಡುವೆ ತೆಳು ಕಂದು ಬಣ್ಣದಲ್ಲಿ ಸುರುಳಿ ಗೆರೆಗಳು ಇದ್ದವು. ಅಡ್ಡ ಗೀಟೂ ಇತ್ತು. ಬೆವರಿನ ಉಪ್ಪು ಆರು ವರ್ಷದಲ್ಲಿ ಹಿತ್ತಾಳೆಯನ್ನು ಕಚ್ಚಿತ್ತು.

“ಇನ್ನೂ ಹೋಗಿಲ್ವಾ?” ನೀಲಿ ಕೋಟಿನವಳು ಬಾಗಿಲಲ್ಲಿ ಇಣುಕಿದಳು. “ಹಠಮಾರಿ ಕಲೆ ಅದು. ಮುಂದಿನ ವಾರ ಪಾಲಿಶ್ ತರ್ತೀನಿ ಬಿಡಿ.”

“ಬೇಡ,” ಎಂದಳು ಮಿಲಿಗ್ರಾಮಮ್ಮ. “ಅದು ನಮ್ಮ ಚಿಕ್ಕಪ್ಪನ ಕೈ.”

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನೀಲಿ ಕೋಟಿನವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಅಯ್ಯೋ ಅಕ್ಕಾ… ಮೊದಲೇ ಒಂದು ಮಾತು ಹೇಳಬಾರದಿತ್ತಾ?”

“ಹೇಳಬೇಕಿತ್ತು.”

ಆಕೆ ಹೋದ ಮೇಲೆ ಬಟ್ಟನ್ನು ತಕ್ಕಡಿಯ ಮೇಲಿಟ್ಟು ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದಳು. ಉಳಿದಿದ್ದದ್ದು ಹಿತ್ತಾಳೆಗಾದ ಗಾಯ. ಒರೆಸಿಹೋಗಿದ್ದು ಚಿಕ್ಕಪ್ಪನ ಮೈಯ ಬೆವರು. ಪುಸ್ತಕ ತೆರೆದು, ಹೋದ ತಿಂಗಳ ಅಂಕಿಯಿಂದ ಈ ದಿನದ್ದನ್ನು ಕಳೆದು ಬರೆದಳು: 0.06 ಮಿಲಿಗ್ರಾಂ.