ಜೋನೆಲ್ ಪಿಸ್ತೂಲು ಕಟ್ಟಿಕೊಂಡು ಹೊರಟ ದಿನ

ಲೈಸೆನ್ಸು ಕೈಗೆ ಬಂದ ಮೇಲೂ ಜೋನೆಲ್ ಸ್ಟ್ರಿಬ್ಲಿಂಗ್ ಪಿಸ್ತೂಲು ಕಟ್ಟಿಕೊಂಡು ಹೊಸ್ತಿಲು ದಾಟಿರಲಿಲ್ಲ. ಮನೆಯೊಳಗೇ ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು, ಬಗ್ಗಿ ನೆಲ ಒರೆಸುತ್ತಿದ್ದಳು, ಆಮೇಲೆ ಬಿಚ್ಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದಳು.

ನಮ್ಮ ಟೆಕ್ಸಾಸಿನ ಈ ಹತ್ತಿ ಬೆಳೆಯುವ ಬಯಲಿನಲ್ಲಿ ಬಂದೂಕು ಯಾರಿಗೂ ಹೊಸದಲ್ಲ. ಆದರೆ ಜೋನೆಲ್‌ಗೆ ಅದರ ಗೊಡವೆ ಯಾವತ್ತೂ ಬೇಕಾಗಿರಲಿಲ್ಲ. ಅವಳದು ಕತ್ತರಿ ಬಾಚಣಿಗೆಯ ಕೆಲಸ. ಅಂಗಡಿಗೆ ಬರಲಾಗದ ಮುದುಕಿಯರ ಮನೆಗಳಿಗೆ ತಾನೇ ಹೋಗಿ, ತಲೆ ತೊಳೆದು, ಕೂದಲು ಕತ್ತರಿಸಿ, ಸುರುಳಿ ಸುತ್ತಿ ಬರುತ್ತಿದ್ದಳು. ಹಿಂದಿನ ವರ್ಷ ಪೇಟೆಯ ಸೂಪರ್ ಮಾರ್ಕೆಟ್ ಮುಂದೆ, ಹಾಡಹಗಲೇ, ಯಾರೋ ಒಬ್ಬ ಅವಳನ್ನು ಹಿಂದಿನಿಂದ ಹಿಡಿದು ಕಾರಿಗೆ ಅಪ್ಪಳಿಸಿ ಚೀಲ ಕಿತ್ತುಕೊಂಡು ಓಡಿದ್ದ. ಕುತ್ತಿಗೆಯ ಕೆಳಗಿನ ಮೂಳೆ ಮುರಿದಿತ್ತು. ಮೂಳೆಯೇನೋ ಕೂಡಿತು, ಆದರೆ ಅವಳು ಊರು ಬಿಟ್ಟು ಆಚೆ ಹೋಗುವುದು ನಿಂತೇಹೋಯಿತು. ದೂರದ ಮನೆಗಳಿಗೆಲ್ಲ ಏನೇನೋ ನೆಪ ಹೇಳಿ ತಪ್ಪಿಸಿಕೊಳ್ಳತೊಡಗಿದಳು.

ಅವಳನ್ನು ಪಿಸ್ತೂಲಿನ ಕಲಿಕೆಗೆ ಎಳೆದುಕೊಂಡು ಹೋದವಳು ಪಕ್ಕದ ಬೀದಿಯ ವಿಲೆಟ್ಟಾ ಗ್ರೈಮ್ಸ್. ಪೊಲೀಸ್ ಕೆಲಸದಿಂದ ನಿವೃತ್ತಳಾದ ಹೆಂಗಸು, ಮಾತು ಒರಟು, ಮನಸ್ಸು ಬೆಣ್ಣೆ. ಊರಾಚೆಯ ಜಲ್ಲಿ ಗುಂಡಿಯ ಬಳಿ ತಿಂಗಳುಗಟ್ಟಲೆ ಗುರಿ ಹಿಡಿಸಿದಳು. ಜೋನೆಲ್‌ಳ ಗುಂಡು ಹಲಗೆಗೆ ತಾಗಿದಾಗಲೆಲ್ಲ, "ಹಿಗ್ಗಬೇಡ್ವೇ, ಹಲಗೆ ತಿರುಗಿ ಹೊಡೆಯಲ್ಲ" ಅನ್ನುತ್ತಿದ್ದಳು. ಇನ್ನೊಂದು ಮಾತನ್ನಂತೂ ತಲೆ ಚಿಟ್ಟುಹಿಡಿಯುವಷ್ಟು ಸಲ ಹೇಳಿದ್ದಳು: "ಮೊದಲು ದೂರ ಇರು. ಆಮೇಲೆ ಬಾಯಿ ತೆಗೆದು ಕೂಗು. ಕೈ ಸೊಂಟಕ್ಕೆ ಹೋಗೋದು ಎಲ್ಲಕ್ಕಿಂತ ಕೊನೇಲಿ. ಅದು ಹೋಗದೇ ಇದ್ರೆ ದೇವರಿಗೆ ಕೈ ಮುಗಿ."

ಆ ಗುರುವಾರ ಬೆಳಿಗ್ಗೆ ಮಿಸ್ ಓಪಲ್ ಫೋನ್ ಮಾಡಿದಳು. ನಲವತ್ತು ಮೈಲಿ ದೂರದ ದನದ ಫಾರಮ್ಮಿನಲ್ಲಿ ಒಬ್ಬಳೇ ಇರುವ ಮುದುಕಿ. ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಳು.

"ಜೋನೆಲ್, ನನ್ನ ತಲೆ ನೋಡಿದ್ರೆ ಗುಬ್ಬಚ್ಚಿ ತನ್ನ ಗೂಡು ಅಂದ್ಕೊಂಡು ಮೊಟ್ಟೆ ಇಟ್ಟುಬಿಡುತ್ತೆ ಕಣೇ. ಬರೋದಕ್ಕಾಗುತ್ತಾ ಮಗಳೇ? ಆಗದಿದ್ರೆ ಬೇಡ ಬಿಡು."

ಆ 'ಬೇಡ ಬಿಡು' ಜೋನೆಲ್‌ಳನ್ನು ಚುಚ್ಚಿತು. "ಬರ್ತೀನಿ ಮಿಸ್ ಓಪಲ್. ಮಧ್ಯಾಹ್ನದೊಳಗೆ ಬರ್ತೀನಿ," ಅಂದುಬಿಟ್ಟಳು.

ಪಿಸ್ತೂಲನ್ನು ಒರೆಯ ಸಮೇತ ಬಲಸೊಂಟದ ಬಳಿ ಪ್ಯಾಂಟಿನೊಳಗೆ ಸಿಕ್ಕಿಸಿ, ಮೇಲೆ ದೊಗಳೆ ಅಂಗಿ ಇಳಿಬಿಟ್ಟಳು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ಏನೂ ಕಾಣುತ್ತಿರಲಿಲ್ಲ, ಆದರೂ ಊರಿಗೆಲ್ಲ ಕಾಣುತ್ತದೆ ಅನ್ನಿಸುತ್ತಿತ್ತು. ಕತ್ತರಿ ಬಾಚಣಿಗೆಯ ಚೀಲ, ಒಗೆದಿಟ್ಟ ಟವೆಲ್ಲುಗಳನ್ನು ಕಾರಿನ ಡಿಕ್ಕಿಗೆ ತುಂಬಿ ಹೊರಟಳು. ಪೆಟ್ರೋಲ್ ಬಂಕಿನಲ್ಲಿ ಕಾಫಿ ತೆಗೆದುಕೊಳ್ಳುವಾಗ ಗಲ್ಲಾದ ಹುಡುಗಿ ಅವಳನ್ನೇ ದಿಟ್ಟಿಸಿ, "ಏನೋ ಬೇರೆ ಥರ ಕಾಣ್ತಿದೀರಲ್ಲ ಇವತ್ತು?" ಅಂದಳು.

ಜೋನೆಲ್ ಅಂಗಿಯ ಅಂಚನ್ನು ಕೆಳಕ್ಕೆಳೆದುಕೊಂಡಳು. "ಬೇರೆ ಅಂದ್ರೆ?"

"ಕೂದಲಿಗೆ ಬಣ್ಣ ಹಾಕಿದೀರಾ?"

"ಹೂಂ, ಹೂಂ, ಸ್ವಲ್ಪ," ಎಂದು ಸುಳ್ಳು ಹೇಳಿ ಹೊರಬಂದವಳಿಗೆ ಕಾರಿನಲ್ಲಿ ಕೂತ ಮೇಲೆ ನಗು ತಡೆಯಲಾಗಲಿಲ್ಲ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಊರು ದಾಟಿದ ಮೇಲೆ ಕಾರಿನ ಪಕ್ಕದ ಕನ್ನಡಿಯಲ್ಲಿ ಒಂದು ಕೆಂಪು ಪಿಕಪ್ ಗಾಡಿ ಕಂಡಿತು. ಬರಬರುತ್ತ ಹತ್ತಿರವಾಯಿತು, ದೀಪ ಮಿಟುಕಿಸಿತು. ಇವಳು ವೇಗ ಹೆಚ್ಚಿಸಿದಳು. ಅದೂ ಹೆಚ್ಚಿಸಿತು. ಹಾರ್ನ್ ಬೇರೆ. ಸುತ್ತ ಹತ್ತಿಹೊಲ ಬಿಟ್ಟರೆ ನರಪಿಳ್ಳೆಯಿಲ್ಲ. ಮುರಿದು ಕೂಡಿದ ಮೂಳೆ ಮತ್ತೆ ನೋಯತೊಡಗಿತು. ಬಲಗೈ ತನಗೆ ತಾನೇ ಸ್ಟಿಯರಿಂಗ್ ಬಿಟ್ಟು ಅಂಗಿಯ ಅಂಚಿಗೆ ಹೋಯಿತು. ಆಗ ವಿಲೆಟ್ಟಾಳ ಒರಟು ದನಿ ಕಿವಿಯಲ್ಲೇ ಕೇಳಿದಂತಾಯಿತು: ಮೊದಲು ದೂರ. ಕೈಯನ್ನು ಮತ್ತೆ ಸ್ಟಿಯರಿಂಗ್ ಮೇಲಿಟ್ಟಳು.

ಮುಂದೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳ ಸಿಕ್ಕಿತು. ಆಚೆ ಕಡೆ ಕೂಲಿಯವರು ಟ್ರಕ್ಕಿನಿಂದ ಹತ್ತಿ ಇಳಿಸುತ್ತಿದ್ದರು. ಜೋನೆಲ್ ಅಲ್ಲಿಗೆ ಕಾರು ನುಗ್ಗಿಸಿ ಕೆಳಗಿಳಿದು, ಕಾರನ್ನು ನಡುವೆ ಇಟ್ಟುಕೊಂಡು ನಿಂತಳು. ಪಿಕಪ್ಪೂ ಬಂದು ನಿಂತಿತು. ಬಾಗಿಲಿನಷ್ಟು ಅಗಲದ ಆಳೊಬ್ಬ ಇಳಿದ. ಎದೆಗೆ ಏನನ್ನೋ ಅವುಚಿಕೊಂಡು ನಡೆದುಬಂದ.

"ಅಲ್ಲೇ ನಿಲ್ಲು!" ಜೋನೆಲ್ ಕೂಗಿದಳು. ತನಗೆ ಅಷ್ಟು ದೊಡ್ಡ ಗಂಟಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹತ್ತಿ ಇಳಿಸುತ್ತಿದ್ದವರೂ ಕೈ ನಿಲ್ಲಿಸಿದರು. "ಕೈಯಲ್ಲಿರೋದನ್ನ ಕೆಳಗಿಡು!"

ಅವನು ಕಂಬದಂತೆ ನಿಂತ. ಮೆಲ್ಲಗೆ ಬಗ್ಗಿ ಕೈಯಲ್ಲಿದ್ದುದನ್ನು ನೆಲಕ್ಕಿಟ್ಟು ಎರಡೂ ಕೈ ಮೇಲೆತ್ತಿದ.

ನೆಲದ ಮೇಲಿದ್ದವು ಅವಳದೇ ಬಿಳಿ ಟವೆಲ್ಲುಗಳು.

"ನಿಮ್ಮ ಡಿಕ್ಕಿ ತೆಗೆದುಕೊಂಡಿದೆ ಮ್ಯಾಮ್," ಅಂದ ಅವನು, ಕೈ ಇಳಿಸದೆ. "ಆಗ್ಲಿಂದ ಒಂದೊಂದೇ ಹಾರಿಬೀಳ್ತಾ ಇದಾವೆ. ಹೆಕ್ಕಿದೆ. ಒಂದು ಮಾತ್ರ ಮುಳ್ಳುತಂತಿಗೆ ಸಿಕ್ಕಿ ಹರಿದುಹೋಯ್ತು, ತಪ್ಪು ತಿಳ್ಕೋಬೇಡಿ."

ಜೋನೆಲ್ ತಿರುಗಿ ನೋಡಿದಳು. ಡಿಕ್ಕಿಯ ಬಾಗಿಲು ಗಾಳಿಗೆ ಅಲ್ಲಾಡುತ್ತಿತ್ತು. ಕಾರಿಗೆ ಒರಗಿದಳು.

"ಅಯ್ಯೋ, ಕೈ ಇಳಿಸಿ. ನಾನು ನಿಮ್ಮನ್ನ... ನಿಮ್ಮನ್ನ ಏನೇನೋ ಅಂದ್ಕೊಂಡೆ."

"ಅಂದ್ಕೊಳ್ಳಲೇಬೇಕು. ನಂದೇ ತಪ್ಪು, ಹಾಗೆ ಬೆನ್ನು ಹತ್ತಬಾರದಿತ್ತು. ನನ್ನ ಹೆಂಡ್ತಿ ಆಗಿದ್ರೆ ಇಷ್ಟೊತ್ತಿಗೆ ಕಲ್ಲು ಎಸೆದಿರೋಳು." ಟವೆಲ್ಲುಗಳ ಧೂಳು ಕೊಡವಿ ಕಾರಿನ ಮೇಲಿಟ್ಟ. ಡಿಕ್ಕಿಯ ಕೊಂಡಿ ಸಡಿಲವಾಗಿದ್ದುದನ್ನು ನೋಡಿ ತಂತಿಯಿಂದ ಬಿಗಿದ. ಹೆಸರು ಕೇಳಿದರೆ, "ಡೆಲ್ಬರ್ಟ್" ಎಂದಷ್ಟೇ ಹೇಳಿ ಟೋಪಿ ಮುಟ್ಟಿ ಹೊರಟುಹೋದ. ತನ್ನ ಕೈ ಎಲ್ಲಿಯವರೆಗೆ ಹೋಗಿತ್ತೆಂದು ಅವನಿಗೆ ತಿಳಿಯಲೇ ಇಲ್ಲವಲ್ಲ ಎಂದು ಜೋನೆಲ್ ಕಣ್ಣೊರೆಸಿಕೊಂಡಳು. ಅಲ್ಲಿಂದಲೇ ವಿಲೆಟ್ಟಾಗೆ ಫೋನ್ ಮಾಡಿದಳು.

"ಕೂಗಿದೆಯಾ?" ಎಲ್ಲ ಕೇಳಿದ ಮೇಲೆ ವಿಲೆಟ್ಟಾ ಅಂದಳು.

"ಕೂಗಿದೆ. ಕೈ ಮಾತ್ರ..."

"ವಾಪಸ್ ಬಂತಲ್ಲ! ಅದನ್ನ ಕಲಿಸೋಕೇ ಅಷ್ಟು ದಿನ ಬೇಕಾಗಿದ್ದು. ಈಗ ಆ ಮುದುಕಿ ಹತ್ರ ಹೋಗು, ಕಾಯ್ತಿರ್ತಾಳೆ."

ಮಿಸ್ ಓಪಲ್ ಊರುಗೋಲು ಹಿಡಿದು ಜಗಲಿಯಲ್ಲೇ ನಿಂತಿದ್ದಳು. ಜೋನೆಲ್ ಮೆಟ್ಟಿಲ ಕೆಳಗೇ ನಿಂತು, "ಮಿಸ್ ಓಪಲ್, ನನ್ನ ಸೊಂಟದಲ್ಲಿ ಪಿಸ್ತೂಲಿದೆ. ನಿಮಗೆ ಬೇಡ ಅನ್ನಿಸಿದ್ರೆ ಕಾರಲ್ಲೇ ಬೀಗ ಹಾಕಿ ಇಟ್ಟು ಬರ್ತೀನಿ," ಅಂದಳು.

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಸೊಂಟದಲ್ಲಿ ಪಿಸ್ತೂಲು, ನನ್ನ ಸೊಂಟದಲ್ಲಿ ಸ್ಟೀಲು. ಇಬ್ರೂ ಕಬ್ಬಿಣದೋರೇ. ಒಳಗೆ ಬಾರೇ."

ಅಡುಗೆಮನೆಯ ತೊಟ್ಟಿಯ ಬಳಿ ಕೂರಿಸಿ, ಬಿಸಿನೀರು ಹುಯ್ದು, ಜೋನೆಲ್ ಆ ಬೆಳ್ಳಿಗೂದಲನ್ನು ನಿಧಾನವಾಗಿ ತೊಳೆದಳು. ಆಸ್ಪತ್ರೆಯಲ್ಲಿ ಯಾರೂ ತಲೆ ಮುಟ್ಟಿರಲಿಲ್ಲವಂತೆ. ಮುದುಕಿ ಕಣ್ಣು ಮುಚ್ಚಿಕೊಂಡು, "ಹಾಗೇ, ಕಿವಿ ಹಿಂದೆ ಇನ್ನೊಂಚೂರು," ಅನ್ನುತ್ತಿದ್ದಳು. ಬೆರಳುಗಳು ಕೆಲಸಕ್ಕೆ ಒಗ್ಗಿದ ಮೇಲೆ ಜೋನೆಲ್‌ಗೆ ಸೊಂಟದ ಭಾರ ಮರೆತೇಹೋಯಿತು.

ಸುರುಳಿ ಬಿಚ್ಚಿ ಕನ್ನಡಿ ಹಿಡಿದಾಗ ಮಿಸ್ ಓಪಲ್ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಬಿಡದೆ ಊಟಕ್ಕೆ ಕೂರಿಸಿಕೊಂಡಳು. ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ. ತಿನ್ನುವ ಮೊದಲು ಜೋನೆಲ್‌ಳ ಕೈ ಹಿಡಿದು ತಲೆ ತಗ್ಗಿಸಿದಳು.

"ದೇವರೇ, ಈ ಊಟಕ್ಕೆ ವಂದನೆ. ನನ್ನನ್ನ ಮತ್ತೆ ಮನುಷ್ಯಳ ಹಾಗೆ ಮಾಡಿದ್ದಕ್ಕೆ ವಂದನೆ. ಈ ಹುಡುಗಿ ಇಷ್ಟು ದೂರ ಬಂದಳಲ್ಲ, ಅದಕ್ಕೆ ಇನ್ನೂ ದೊಡ್ಡ ವಂದನೆ. ಜೋನೆಲ್, ನಿಂದೇನಾದ್ರೂ ಇದ್ರೆ ನೀನೂ ಹೇಳು."

ಹೇಳಬೇಕೆಂದಿದ್ದು ಬಹಳವಿತ್ತು. ಜೋನೆಲ್ ಮುದುಕಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಡೆಲ್ಬರ್ಟ್ ಅನ್ನೋರು ಒಬ್ರಿದಾರೆ ದೇವರೇ," ಅಂದಳು. "ಅವರನ್ನ ಚೆನ್ನಾಗಿಟ್ಟಿರು."

"ಆಮೆನ್," ಅಂದ ಮಿಸ್ ಓಪಲ್ ಒಂದು ಕಣ್ಣು ತೆರೆದಳು. "ಯಾರೇ ಅದು ಡೆಲ್ಬರ್ಟು? ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಸರಿಯಾಗಿ ಹೇಳು."