ಹಿಂದಿನ ಗೋಡೆಯ ಆಚೆ

ನನ್ನನ್ನು ಎಲ್ಲರೂ ಆರಡಿ ಎಂದು ಕರೆಯುತ್ತಾರೆ. ಎತ್ತರ ನೋಡಿ ಇಟ್ಟ ಹೆಸರಲ್ಲ. ನಾನು ಐದಡಿಯೂ ಸರಿಯಾಗಿಲ್ಲ. ಚರ್ಚಿನ ಸಿಮಿಟ್ರಿಯಲ್ಲಿ ಐವತ್ತು ವರ್ಷ ಗುಂಡಿ ತೋಡಿದ್ದೇನೆ, ನನಗಿಂತ ಮುಂಚೆ ಅಪ್ಪ ತೋಡುತ್ತಿದ್ದ. ಎಷ್ಟು ಮೆರೆದರೂ ಕೊನೆಗೆ ಆರಡಿ ಮೂರಡಿ ತಾನೆ. ದೊಡ್ಡ ದೊಡ್ಡವರು ಕೂಡ ನನ್ನನ್ನು ಕಂಡರೆ ನಗುತ್ತಾ, "ನಮಗೊಂದು ನೆರಳಿರೋ ಜಾಗ ನೋಡಿಡಪ್ಪ" ಅನ್ನುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ. ನೆರಳು ಕೇಳಿದವರಿಗೆಲ್ಲ ಕೊಟ್ಟಿದ್ದೇನೆ.

ಈ ವರ್ಷ ಚರ್ಚಿಗೆ ನೂರು ತುಂಬುತ್ತದೆ. ಹೋದ ವರ್ಷ ಬಂದ ಹೊಸ ಫಾದರ್‌ಗೆ ಚರಿತ್ರೆಯ ಪುಸ್ತಕ ತರುವ ಹುಚ್ಚು. ಸಣ್ಣ ವಯಸ್ಸು, ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಜ್ಞಾನಸ್ನಾನದ, ಮದುವೆಯ, ಮರಣದ ದಪ್ಪ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಒಂದು ದಿನ ಬೆಳಗಿನ ಪೂಜೆಯಾದ ಮೇಲೆ ದೊಡ್ಡ ಹಾಳೆಯೊಂದನ್ನು ಹಿಡಿದು ನನ್ನ ಹತ್ತಿರ ಬಂದರು. ಸಿಮಿಟ್ರಿಯ ನಕ್ಷೆ ಬರೆಯಬೇಕಂತೆ. ಮರದ ಶಿಲುಬೆಗಳೆಲ್ಲ ಗೆದ್ದಲು ಹಿಡಿದು ಹೋಗಿವೆ. ಯಾರು ಎಲ್ಲಿ ಮಲಗಿದ್ದಾರೆ ಎಂಬುದು ಉಳಿದಿರುವುದು ನನ್ನ ತಲೆಯಲ್ಲಿ ಮಾತ್ರ.

ನಾನು ಹೆಜ್ಜೆ ಎಣಿಸುತ್ತಾ ನಡೆದೆ, ಅವರು ಬರೆದುಕೊಂಡರು. ಬಾಗಿಲಿನಿಂದ ಹನ್ನೆರಡು ಹೆಜ್ಜೆ, ಎಡಕ್ಕೆ ಮೂರು: ಚರ್ಚಿಗೆ ಹುಲ್ಲಿನ ಸೂರಿದ್ದ ಕಾಲದಲ್ಲಿ ಮೊದಲ ಪೂಜೆ ಅರ್ಪಿಸಿದ ಫಾದರ್. ಅಲ್ಲಿಂದ ಐದು: ಗೋಪುರಕ್ಕೆ ಗಂಟೆ ಏರಿಸುವಾಗ ಬಿದ್ದ ಬಡಗಿ. ಪಕ್ಕದಲ್ಲಿ ಅವನ ಹೆಂಡತಿ. ಇದ್ದಷ್ಟು ದಿನ ಹಾವು ಮುಂಗುಸಿ, ಈಗ ನಡುವೆ ಬರೀ ಎರಡು ಗೇಣು. ಜ್ವರದ ವರ್ಷದವರು ಸಾಲಾಗಿ ಹದಿನೇಳು ಜನ. ಫಾದರ್ ಬೆರಗಾಗಿ, "ಅಬ್ಬಾ! ನಿಮ್ಮ ತಲೇಲಿ ಇಡೀ ಊರೇ ಇದೆಯಲ್ಲ!" ಅಂದರು. ನನಗೂ ಸ್ವಲ್ಪ ಕೊಂಬು ಬಂತು, ಸುಳ್ಳೇಕೆ ಹೇಳಲಿ.

ಹಿಂದಿನ ಗೋಡೆ ಮುಟ್ಟಿದೆವು. ಅದರಾಚೆ ಗಿಡಗಂಟಿ ಬೆಳೆದ ಉದ್ದನೆಯ ತುಂಡು ನೆಲ.

"ಇದು ಖಾಲಿ ಜಾಗ ಅಲ್ವಾ? ನೂರು ವರ್ಷದ ನೆನಪಿಗೆ ಇಲ್ಲೊಂದು ಸಭಾಭವನ ಕಟ್ಟೋಣ ಅಂತಿದ್ದೀವಿ. ಮುಂದಿನ ವಾರ ಪಾಯ ತೆಗೀತಾರೆ," ಅಂದರು ಫಾದರ್.



ಅದು ಖಾಲಿಯಲ್ಲ. ಆಗಿನ ಕಾಲದಲ್ಲಿ ಜ್ಞಾನಸ್ನಾನವಾಗದೆ ಸತ್ತ ಕೂಸುಗಳಿಗೆ ಗೋಡೆಯ ಒಳಗೆ ಮಣ್ಣಿರಲಿಲ್ಲ. ಒಳಗಿನದು ಆಶೀರ್ವದಿಸಿದ ನೆಲ. ಕೂಸಿಗೆ ಒಂದು ಉಸಿರಿದ್ದರೂ ಸೂಲಗಿತ್ತಿಯೇ ತಲೆಗೆ ನೀರು ಹಾಕಿ ದೇವರ ಹೆಸರು ಹೇಳಿಬಿಡಬಹುದಿತ್ತು, ಅಷ್ಟು ಸಾಕಿತ್ತು. ಸತ್ತೇ ಹುಟ್ಟಿದರೆ ನೀರು ಹಾಕುವಂತಿರಲಿಲ್ಲ. ಅಂಥವನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯಾಚೆ ಹೂಳುತ್ತಿದ್ದೆವು. ಶಿಲುಬೆ ಇಲ್ಲ, ಪ್ರಾರ್ಥನೆ ಇಲ್ಲ, ಮರಣದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ನಲವತ್ತಾರು ವರ್ಷದ ಹಿಂದೆ ನನ್ನ ಮಗಳನ್ನೂ ಹಾಗೇ ಹೂತದ್ದು. ನನ್ನವಳು ಮದುವೆಯಾದ ಆರನೇ ವರ್ಷಕ್ಕೆ ಬಸಿರಾಗಿದ್ದಳು. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಹೆತ್ತು ಹಾಸಿಗೆ ಹಿಡಿದವಳು ಒಂದೇ ಮಾತು ಕೇಳುತ್ತಿದ್ದಳು: "ಎಲ್ಲಿ ಮಲಗಿಸಿದ್ರಿ?" ಆ ಮುಖ ನೋಡಿ ಗೋಡೆಯಾಚೆ ಅನ್ನಲು ನನಗೆ ಬಾಯಿ ಬರಲಿಲ್ಲ. "ನಮ್ಮಜ್ಜಿ ಸಮಾಧಿಯ ಕಾಲ ಹತ್ತಿರ. ಯಾರಿಗೂ ಗೊತ್ತಾಗದ ಹಾಗೆ ಒಳಗೇ ಇಟ್ಟೆ. ನೀನು ಎಲ್ಲೂ ಬಾಯಿ ಬಿಡಬೇಡ," ಅಂದೆ. ಅವಳು ಬಾಯಿ ಬಿಡಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿಸಿ ನನ್ನ ಅಜ್ಜಿಯ ಕಾಲ ಬಳಿ ಮೇಣದಬತ್ತಿ ಹಚ್ಚುತ್ತಾಳೆ. ಅತ್ತೆಯ ಅತ್ತೆಯ ಮೇಲೆ ಇವಳಿಗೆಷ್ಟು ಪ್ರೀತಿ ಎಂದು ಜನ ಹೊಗಳುತ್ತಾರೆ. ನಾನು, ಪಾಪಿ, ಪಕ್ಕದಲ್ಲಿ ಟೋಪಿ ಹಿಡಿದು ನಿಂತಿರುತ್ತೇನೆ.

ಫಾದರ್‌ಗೆ ಹೇಳಿದೆ, ನನ್ನವಳಿಗೆ ಹೇಳಿದ ಸುಳ್ಳನ್ನೂ ಸೇರಿಸಿ. ಹೇಳದಿದ್ದರೆ ಆ ಕೂಸುಗಳ ಮೇಲೆ ಗುದ್ದಲಿ ಬೀಳುತ್ತಿತ್ತು. ಅವರು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದರು. ಆಮೇಲೆ, "ಪಾಯ ನಿಲ್ಲಿಸ್ತೀನಿ. ಜಾಗ ಆಶೀರ್ವದಿಸೋಣ, ಪುಸ್ತಕದಲ್ಲೂ ಬರೀತೀನಿ. ಆದ್ರೆ ಭಾನುವಾರದ ಪೂಜೇಲಿ ಎಲ್ಲರಿಗೂ ತಿಳಿಸಬೇಕಾಗುತ್ತೆ. ಅಷ್ಟರೊಳಗೆ ನಿಮ್ಮ ಮನೆಯವರಿಗೆ ನೀವೇ ಹೇಳಿಬಿಡಿ," ಅಂದರು. ಒಳ್ಳೆಯ ಮನುಷ್ಯ. ಆದರೂ ಆ ಗಳಿಗೆಯಲ್ಲಿ ಅವರನ್ನು, ಅವರ ಪುಸ್ತಕವನ್ನು ಮನಸಾರೆ ಬೈದುಕೊಂಡೆ.

ಇವತ್ತು ನಾಳೆ ಎನ್ನುತ್ತಾ ಶನಿವಾರ ಬಂದೇಬಿಟ್ಟಿತು. ಬಲಿಪೀಠದ ಬಿಳಿ ಬಟ್ಟೆಗಳನ್ನು ಒಗೆದು ಮಡಿಸಿ ಕೊಡುವುದು ನನ್ನವಳ ಕೆಲಸ. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿ ಹಾಕುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು. ಬಟ್ಟೆ ಸೀದ ವಾಸನೆ ಬಂದಾಗ ನಾನೇ ಅದನ್ನು ಎತ್ತಿಟ್ಟೆ.

"ನಲವತ್ತಾರು ವರ್ಷ ನಿಮ್ಮಜ್ಜಿ ಕಾಲಿಗೆ ಬತ್ತಿ ಹಚ್ಚಿಸಿದ್ರಲ್ರೀ," ಅಂದಳು. "ಪಕ್ಕದಲ್ಲೇ ನಿಂತು ನೋಡ್ತಿದ್ರಿ. ನಿಮಗೆ ಹೇಗೆ ಮನಸ್ಸು ಬಂತು?"

"ನೀನು ಸಂಕಟಪಡ್ತೀಯ ಅಂತ..."

"ನನ್ನ ಸಂಕಟ ನಾನು ಪಡ್ತಿದ್ದೆ! ಆ ಮಗು ದಿಕ್ಕಿಲ್ಲದ ಹಾಗೆ ಆಚೆ ಬಿದ್ದಿತ್ತಲ್ಲ. ಗೊತ್ತಿದ್ದಿದ್ರೆ ಒಂದ್ಸಲ ಆ ಕಡೆ ತಿರುಗಿಯಾದ್ರೂ ನೋಡ್ತಿದ್ದೆ." ಮೇಜಿಗೆ ತಲೆಯಿಟ್ಟು ಅತ್ತಳು. ಮುಟ್ಟಲು ಹೋದರೆ ಕೈ ತಳ್ಳಿದಳು. ಆಮೇಲೆ ಕಣ್ಣೊರೆಸಿಕೊಂಡು, "ನಡೀರಿ, ತೋರಿಸಿ," ಅಂದಳು.

ಅವಳ ಮಂಡಿನೋವಿನಲ್ಲಿ ಸಿಮಿಟ್ರಿ ಸುತ್ತಿಕೊಂಡು ಹೋಗಲು ಅರ್ಧ ಗಂಟೆ ಹಿಡಿಯಿತು. ಕೈಚೀಲದಲ್ಲಿ ಮರುದಿನಕ್ಕೆಂದು ತಂದಿಟ್ಟಿದ್ದ ಮೇಣದಬತ್ತಿಯಿತ್ತು. ಗಿಡಗಂಟಿಯ ಅಂಚಿನಲ್ಲಿ ನಿಂತು, "ಎಲ್ಲಿ?" ಅಂದಳು.

ನಾನು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತೆ.

"ಊರವರದ್ದೆಲ್ಲ ಹೆಜ್ಜೆ ಎಣಿಸಿ ಹೇಳ್ತೀರ. ನಮ್ಮದೊಂದು ಹೇಳಿ."

ಇದನ್ನು ನಾನು ಫಾದರ್‌ಗೂ ಹೇಳಿರಲಿಲ್ಲ. ಅವತ್ತು ಗುಂಡಿ ತೋಡಿದ್ದು ಅಪ್ಪ. ಕೂಸನ್ನು ಅವನ ಕೈಗೆ ಕೊಟ್ಟು ನಾನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ. ಗುದ್ದಲಿಯ ಸದ್ದು ನಿಂತ ಮೇಲೆ, "ಆಯ್ತು, ನಡಿ ಮಗ," ಅಂದ. ತಿರುಗಿ ನೋಡದೆ ನಡೆದೆ. ಎಲ್ಲಿ ಎಂದು ನಾಳೆ ಕೇಳೋಣ, ನಾಡಿದ್ದು ಕೇಳೋಣ ಎನ್ನುವಷ್ಟರಲ್ಲಿ ಅಪ್ಪನೇ ಹೋಗಿಬಿಟ್ಟ. ಅವನದು ಬಾಗಿಲಿನಿಂದ ನಲವತ್ತು ಹೆಜ್ಜೆ, ಬಲಕ್ಕೆ ಎರಡು.

ಇದಿಷ್ಟನ್ನೂ ಅವಳಿಗೆ ಹೇಳಿದೆ. "ನನಗೆ ಗೊತ್ತಿಲ್ಲ ಕಣೇ," ಅಂದೆ.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಕಳೆ ಸರಿಸಿ ಮಣ್ಣಿನ ಮೇಲೆ ಅಂಗೈ ಇಟ್ಟಳು.

"ಇಲ್ಲಿರಬಹುದಾ?"

ಹೂಂ ಅಂದುಬಿಡೋಣ ಅನಿಸಿತು. ಬತ್ತಿ ಹಚ್ಚಿ ಮನೆಗೆ ಹೋಗಿಬಿಡಬಹುದಿತ್ತು.

"ಗೊತ್ತಿಲ್ಲ," ಅಂದೆ.

ಅವಳು ಕೂತಲ್ಲಿಂದಲೇ ಒಂದು ಮೊಳ ಪಕ್ಕಕ್ಕೆ ತೆವಳಿ, ಮತ್ತೆ ಅಂಗೈ ಇಟ್ಟು, ನನ್ನ ಮುಖ ನೋಡಿದಳು.

"ಇಲ್ಲಿ?"